ಫೋರ್‌ವೀಲ್ ಡ್ರೈವ್ ಗಾಡಿಗೆ ಸ್ನಾರ್ಕೆಲ್ ಅಳವಡಿಕೆ: ಒಂದು ಕೀಲೂ ಸೋರದಂತೆ ಮಾಡುವ ಕ್ರಮ

ಎಂಜಿನ್ ಗಾಳಿ ಎಳೆಯುವ ಬಾಯನ್ನು ಚಾವಣಿಯ ಮಟ್ಟಕ್ಕೆ ಒಯ್ಯುವ ಕೊಳವೆಯಾದ ಸ್ನಾರ್ಕೆಲ್ ಹಾಕಿಸಿದ ಮೇಲೂ ಹಳ್ಳ ದಾಟುವಾಗ ಏರ್ ಫಿಲ್ಟರ್ ಒದ್ದೆಯಾಯಿತು ಎಂಬ ದೂರು ಪ್ರತಿ ಮಳೆಗಾಲದಲ್ಲೂ ಮರಳಿ ಬರುತ್ತದೆ. ಅಂಥ ಗಾಡಿಗಳ ಬಾನೆಟ್ ಎತ್ತಿ ನೋಡಿದರೆ ಹೊರಗಿನ ಕೆಲಸವೆಲ್ಲ ಅಚ್ಚುಕಟ್ಟಾಗಿರುತ್ತದೆ, ಕೊಳವೆ ಮುಂಗಾಜಿನ ಪಕ್ಕದ ಕಂಬಕ್ಕೆ ಬಿಗಿಯಾಗಿ ಕುಳಿತಿರುತ್ತದೆ. ಒಳಗೆ ಮಾತ್ರ ಮುಂಚಕ್ರವನ್ನು ಮುಚ್ಚುವ ತಗಡಾದ ಫೆಂಡರ್‌ನ ಹಿಂದಿರುವ ರಬ್ಬರ್ ಕೀಲು ಸಡಿಲವಾಗಿರುತ್ತದೆ, ಇಲ್ಲವೇ ಏರ್ ಫಿಲ್ಟರ್ ಡಬ್ಬಿಯ ತಳದಲ್ಲಿ ನೀರು ಬಸಿದುಹೋಗಲೆಂದು ಕಂಪನಿಯವರೇ ಬಿಟ್ಟ ತೂತು ತೆರೆದೇ ಇರುತ್ತದೆ. ಎಂಜಿನ್ ತನಗೆ ಸುಲಭವಾಗಿ ಸಿಗುವ ದಾರಿಯಿಂದ ಗಾಳಿ ಎಳೆದುಕೊಳ್ಳುತ್ತದೆ. ಆ ದಾರಿ ನೀರಿನೊಳಗಿದ್ದರೆ ನೀರನ್ನೇ ಎಳೆದುಕೊಳ್ಳುತ್ತದೆ.

ಎಷ್ಟು ನೀರು ಸಾಕು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. 3 ಲೀಟರಿನ, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್‌ನಲ್ಲಿ ಒಂದೊಂದು ಸಿಲಿಂಡರ್ ಸುಮಾರು 750 ಮಿ.ಲೀ. ಗಾಳಿ ಎಳೆಯುತ್ತದೆ. ಕಂಪ್ರೆಶನ್ ಅನುಪಾತ (ಗಾಳಿ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬ ಅಳತೆ) 16:1 ಎಂದಿಟ್ಟುಕೊಂಡರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಕೇವಲ 50 ಮಿ.ಲೀ. ಗಾಳಿಯನ್ನು ಅಷ್ಟು ಜಾಗಕ್ಕೆ ಒತ್ತಬಹುದು, ನೀರನ್ನು ಒತ್ತಲಾಗದು. ಅದಕ್ಕಿಂತ ಹೆಚ್ಚು ನೀರು ಒಂದೇ ಸಿಲಿಂಡರಿಗೆ ಹೋದರೆ ಪಿಸ್ಟನ್ ಮೇಲೇರಲಾರದೆ ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅರ್ಧ ಲೋಟ ಕಾಫಿಯಷ್ಟು ನೀರಿಗೆ ಇಡೀ ಎಂಜಿನ್ ಬಲಿಯಾಗಬಹುದಾದ್ದರಿಂದ, ಈ ಕೆಲಸದಲ್ಲಿ ತೂತು ಕೊರೆಯುವುದಕ್ಕಿಂತ ಕೀಲುಗಳನ್ನು ಮುಚ್ಚುವುದಕ್ಕೆ ಹೆಚ್ಚು ಹೊತ್ತು ಮೀಸಲಿಡಬೇಕು.

ಇಲ್ಲಿನ ವಿವರಣೆ ಉಕ್ಕಿನ ಫೆಂಡರ್ ಇರುವ ಡೀಸೆಲ್ ಗಾಡಿಯನ್ನು ಕುರಿತದ್ದು. ಬಿಡದಿಯಲ್ಲಿ ತಯಾರಾದ ಮೊದಲ ಪೀಳಿಗೆಯ ಟೊಯೋಟಾ ಫಾರ್ಚೂನರ್ ಇದಕ್ಕೆ ಒಳ್ಳೆಯ ಉದಾಹರಣೆ. ಬೇರೆ ಗಾಡಿಗಳಲ್ಲಿ ತೂತಿನ ಜಾಗ ಮತ್ತು ಅಳತೆ ಬದಲಾಗುತ್ತವೆ, ಕೆಲಸದ ಕ್ರಮ ಬದಲಾಗುವುದಿಲ್ಲ.

## ಕೊಳ್ಳುವ ಮೊದಲು ತೀರ್ಮಾನಿಸಬೇಕಾದದ್ದು

ಸ್ನಾರ್ಕೆಲ್ ಗಾಳಿಯ ಬಾಯನ್ನು ಮೇಲಕ್ಕೆ ಒಯ್ಯುತ್ತದೆ, ಅಷ್ಟೇ. ಗಾಡಿಯ ವೈರಿಂಗ್, ಆಲ್ಟರ್ನೇಟರ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಆಕ್ಸಲ್‌ಗಳು ಇದ್ದಲ್ಲೇ ಇರುತ್ತವೆ. ಕಂಪನಿ ಹೇಳಿದ ನೀರಿನ ಆಳ ಥಾರ್‌ಗೆ 650 ಮಿ.ಮೀ., ಈಗಿನ ಫಾರ್ಚೂನರ್‌ಗೆ 700 ಮಿ.ಮೀ. ಎಂದಿದ್ದರೆ ಸ್ನಾರ್ಕೆಲ್ ಬಂದ ಮೇಲೂ ಆ ಅಂಕಿಯನ್ನೇ ಮಿತಿಯೆಂದು ಇಟ್ಟುಕೊಳ್ಳುವುದು ಕ್ಷೇಮ. ಆ ಮಿತಿಯೊಳಗೇ ಅಲೆ ಎದ್ದಾಗ, ಚಕ್ರ ಗುಂಡಿಗಿಳಿದು ಮೂತಿ ಮುಳುಗಿದಾಗ ಸ್ನಾರ್ಕೆಲ್ ಎಂಜಿನ್ ಕಾಯುತ್ತದೆ. ಬಯಲುಸೀಮೆಯ ಕೆಮ್ಮಣ್ಣಿನ ದಾರಿಗಳಲ್ಲಿ ಓಡಾಡುವವರಿಗೆ ಇನ್ನೊಂದು ಉಪಯೋಗವೂ ಇದೆ: ಚಕ್ರದ ಮಟ್ಟದ ಗಾಳಿಗಿಂತ ಚಾವಣಿಯ ಮಟ್ಟದ ಗಾಳಿಯಲ್ಲಿ ದೂಳು ಕಡಿಮೆ.

ಕಾನೂನು ಮತ್ತು ವಿಮೆಯ ಮಾತನ್ನು ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲೇ ಮುಗಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ನಿಮ್ಮ ಮಾದರಿಗೆ ತಯಾರಕರದ್ದೇ ಅಧಿಕೃತ ಸ್ನಾರ್ಕೆಲ್ ಇದ್ದರೆ ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಅವರ ಉತ್ತರವನ್ನೂ ಬರಹದಲ್ಲೇ ಪಡೆಯಬೇಕು. ಎಂಜಿನ್‌ಗೆ ನೀರು ಹೋಗಿ ಆಗುವ ನಷ್ಟವನ್ನು ಸಾಮಾನ್ಯ ಪಾಲಿಸಿಗಳು ಭರಿಸುವುದಿಲ್ಲ. ಅದಕ್ಕೆ ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಬೇಕಾಗುತ್ತದೆ.

## ಬೇಕಾಗುವ ಸಲಕರಣೆ

ಕಿಟ್‌ನಲ್ಲಿ ಕೊಳವೆಯ ಮೈ, ತಲೆ, ಕಂಬದ ಬ್ರಾಕೆಟ್, ರಬ್ಬರ್ ಹೋಸ್, ಕ್ಲ್ಯಾಂಪುಗಳು, ಎರಡೂ ಕಡೆ ಮರೆ (ತಿರುಪಿನ ಎಳೆ) ಇರುವ ಸ್ಟಡ್ ಬೋಲ್ಟುಗಳು ಮತ್ತು ತೂತುಗಳ ಜಾಗ ತೋರಿಸುವ ಕಾಗದದ ಟೆಂಪ್ಲೇಟ್ ಇರುತ್ತವೆ. ಉಳಿದದ್ದನ್ನು ನೀವೇ ಹೊಂದಿಸಿಕೊಳ್ಳಬೇಕು: ವೇಗ ತಗ್ಗಿಸಬಲ್ಲ ಡ್ರಿಲ್, 3 ಮಿ.ಮೀ.ನ ಬಿಟ್ಟು (ಡ್ರಿಲ್ಲಿಗೆ ಹಾಕುವ ಕೊರೆಯುವ ಮೊನೆ) ಮತ್ತು ಟೆಂಪ್ಲೇಟ್ ಸೂಚಿಸುವ ದಪ್ಪ ಬಿಟ್ಟುಗಳು, ಲೋಹ ಕತ್ತರಿಸುವ ಹೋಲ್ ಸಾ (ದೊಡ್ಡ ದುಂಡು ತೂತು ಕೊರೆಯುವ ಗರಗಸ), ಸೆಂಟರ್ ಪಂಚ್, ಅರ್ಧಗುಂಡನೆಯ ಅರ, ಮಾಸ್ಕಿಂಗ್ ಟೇಪ್, ಸತುವಿನ ಪ್ರೈಮರ್, ಗಾಡಿಯ ಬಣ್ಣದ ಟಚ್‌ಅಪ್ ಪೇಂಟ್, ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟಾದ ಮಧ್ಯಮ ಹಿಡಿತದ ಥ್ರೆಡ್‌ಲಾಕರ್, ಕಣ್ಣಿಗೆ ಕನ್ನಡಕ, ಕೈಗೆ ಗವಸು.

ಸಂದು ಮುಚ್ಚುವ ಸೀಲೆಂಟ್ ಕೊಳ್ಳುವಾಗ ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದನ್ನೇ ಕೇಳಿ ಪಡೆಯಬೇಕು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ, ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ. ಅದು ಬರಿ ಉಕ್ಕಿಗೆ ತಗಲಿದರೆ ಕೆಲವೇ ತಿಂಗಳಲ್ಲಿ ತುಕ್ಕು ಏಳುತ್ತದೆ.

## ಹಂತ 1: ಗಾಳಿಯ ದಾರಿಯನ್ನು ಮೊದಲು ಓದಿಕೊಳ್ಳಿ

ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಏರ್ ಫಿಲ್ಟರ್ ಡಬ್ಬಿಯಿಂದ ಹಿಂದಕ್ಕೆ ಹುಡುಕುತ್ತ ಹೋಗಿ, ಕಂಪನಿಯ ಮೂಲ ಗಾಳಿಕೊಳವೆ ಎಲ್ಲಿ ಬಾಯಿ ತೆರೆಯುತ್ತದೆ ಎಂದು ಗುರುತಿಸಿ. ಬಹುತೇಕ ಗಾಡಿಗಳಲ್ಲಿ ಆ ಬಾಯಿ ಫೆಂಡರ್‌ನ ಒಳಗೆ, ಹೆಡ್‌ಲೈಟಿನ ಹಿಂದೆ ಇರುತ್ತದೆ. ಸಾಮಾನ್ಯವಾಗಿ ಡಬ್ಬಿ ಯಾವ ಬದಿಗಿದೆಯೋ ಸ್ನಾರ್ಕೆಲ್ ಆ ಬದಿಗೇ ಬರುತ್ತದೆ.

ಈಗ ಡಬ್ಬಿಯನ್ನು ಪೂರ್ತಿ ಹೊರತೆಗೆದು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ತಳದ ಬಸಿತೂತು, ಪಕ್ಕದ ಸಣ್ಣ ರಂಧ್ರಗಳು, ಸದ್ದು ತಗ್ಗಿಸಲು ಜೋಡಿಸಿರುವ ಪೊಳ್ಳು ಪೆಟ್ಟಿಗೆ, ಮುಚ್ಚಳದ ರಬ್ಬರ್ ಪಟ್ಟಿ, ಇವೆಲ್ಲವನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಏಳನೇ ಹಂತದಲ್ಲಿ ಈ ಚೀಟಿಯೇ ಆಧಾರ. ಇದನ್ನು ಬರೆದುಕೊಳ್ಳದೆ ಮುಂದುವರಿದವರೇ ಕೊನೆಗೆ ಯಾವುದೋ ಒಂದು ತೂತನ್ನು ಮರೆಯುತ್ತಾರೆ.

## ಹಂತ 2: ಕೊರೆಯದೆ ಜೋಡಿಸಿ ನೋಡಿ

ಇನ್ನೊಬ್ಬರ ಸಹಾಯ ಪಡೆದು ಸ್ನಾರ್ಕೆಲ್‌ನ ಮೈಯನ್ನು ಫೆಂಡರ್ ಮತ್ತು ಕಂಬಕ್ಕೆ ಒತ್ತಿ ಹಿಡಿಯಿರಿ. ಬಾನೆಟ್ ಪೂರ್ತಿ ತೆರೆದಾಗ ಅದರ ಅಂಚು ಕೊಳವೆಗೆ ತಗಲಬಾರದು. ಮುಂಬಾಗಿಲು ಕೊನೆಯವರೆಗೆ ತೆರೆಯಬೇಕು. ವೈಪರ್‌ಗೂ ಆಂಟೆನಾಕ್ಕೂ ಅಡ್ಡಿಯಾಗಬಾರದು. ಕಂಬಕ್ಕೂ ಕೊಳವೆಗೂ ನಡುವಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿರಬೇಕು. ಸಂದು ಒಂದು ಕಡೆ ಹೆಚ್ಚಿದ್ದರೆ ಬೋಲ್ಟು ಬಿಗಿದು ಎಳೆದರಾಯಿತು ಎಂದು ಭಾವಿಸಬೇಡಿ. ಹಾಗೆ ಎಳೆದ ಪ್ಲಾಸ್ಟಿಕ್ ಬಿಸಿಲಿನಲ್ಲಿ ತನ್ನ ಆಕಾರಕ್ಕೆ ಮರಳಲು ಹೆಣಗುತ್ತ, ಹಿಂದಿನ ಕೀಲನ್ನು ದಿನದಿನಕ್ಕೂ ಸಡಿಲಿಸುತ್ತದೆ.

ಟೆಂಪ್ಲೇಟನ್ನು ಕಣ್ಣುಮುಚ್ಚಿ ನಂಬಬಾರದು. ನನ್ನ ಮೊದಲ ಕಿಟ್‌ನಲ್ಲಿ ಬಂದದ್ದು ಜೆರಾಕ್ಸ್ ಪ್ರತಿಯಾಗಿತ್ತು, ಅಳತೆ ತುಸು ಕುಗ್ಗಿತ್ತು. ಸ್ನಾರ್ಕೆಲ್‌ನ ಹಿಂಬದಿಗೆ ಹಿಡಿದು ನೋಡುವ ಎರಡು ನಿಮಿಷದ ಕೆಲಸ ಬಿಟ್ಟದ್ದರಿಂದ ಮೂರು ಬೋಲ್ಟಿನ ತೂತುಗಳನ್ನು ಅರದಿಂದ ಹಿಗ್ಗಿಸಬೇಕಾಯಿತು. ಆದ್ದರಿಂದ ಮೊದಲು ಸ್ಟಡ್‌ಗಳನ್ನು ಸ್ನಾರ್ಕೆಲ್‌ಗೆ ತಿರುಗಿಸಿ ಕೂರಿಸಿ, ಅವುಗಳ ಮೇಲೆ ಟೆಂಪ್ಲೇಟ್ ಚುಚ್ಚಿ, ಪ್ರತಿ ಕೇಂದ್ರವೂ ಹೊಂದುತ್ತದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಅದನ್ನು ಫೆಂಡರ್‌ಗೆ ಅಂಟಿಸಿ.

## ಹಂತ 3: ಗುರುತು ಹಾಕುವುದು

ಚಕ್ರದ ಕಮಾನಿನೊಳಗಿನ ಪ್ಲಾಸ್ಟಿಕ್ ಲೈನರ್ ಬಿಚ್ಚಿ. ಅದರ ಹಿಂದೆ ಏನಿದೆ ಎಂದು ಟಾರ್ಚ್ ಹಾಕಿ ನೋಡಿ. ವೈರಿನ ಕಟ್ಟು, ವಾಷರ್ ನೀರಿನ ಡಬ್ಬಿ, ಬ್ರಾಕೆಟ್‌ಗಳು ಕೊರೆಯುವ ಜಾಗದ ಹಿಂದೆಯೇ ಇರಬಹುದು. ಸರಿಸಬಹುದಾದದ್ದನ್ನು ಸರಿಸಿ ಕಟ್ಟಿ, ಉಳಿದದ್ದಕ್ಕೆ ದಪ್ಪ ರಟ್ಟು ಅಡ್ಡ ಇಡಿ. ಎಂಜಿನ್‌ನತ್ತ ಹೋಗುವ ಗಾಳಿಕೊಳವೆಯ ಬಾಯಿಗೆ ಬಟ್ಟೆ ತುರುಕಿ. ಒಂದು ಲೋಹದ ಚೂರು ಟರ್ಬೊಗೆ (ಎಂಜಿನ್ನಿಗೆ ಗಾಳಿ ತಳ್ಳುವ ಚಕ್ರಕ್ಕೆ) ಹೋದರೂ ಆಗುವ ಖರ್ಚು ಸ್ನಾರ್ಕೆಲ್‌ನ ಬೆಲೆಯನ್ನು ಮೀರುತ್ತದೆ.

ಫೆಂಡರ್‌ನ ಹೊರಮೈ ತೊಳೆದು ಒಣಗಿಸಿ, ಇಡೀ ಜಾಗಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ, ಅದರ ಮೇಲೆ ಟೆಂಪ್ಲೇಟ್ ಅಂಟಿಸಿ. ಪ್ರತಿ ಕೇಂದ್ರಕ್ಕೂ ಪಂಚ್ ಇಟ್ಟು ಹಗುರವಾಗಿ ಒಮ್ಮೆ ಹೊಡೆಯಿರಿ. ಈ ಸಣ್ಣ ಕುಳಿ ಇಲ್ಲದಿದ್ದರೆ ಬಿಟ್ಟು ಜಾರಿ ಬಣ್ಣದ ಮೇಲೆ ಗೀರೆಳೆಯುತ್ತದೆ.

## ಹಂತ 4: ಕೊರೆಯುವುದು

ಎಲ್ಲ ಕೇಂದ್ರಗಳನ್ನೂ ಮೊದಲು 3 ಮಿ.ಮೀ. ಬಿಟ್ಟಿನಿಂದ ಕೊರೆದು ಅಲ್ಲಿಗೆ ನಿಲ್ಲಿಸಿ. ಸ್ನಾರ್ಕೆಲ್ ಹಿಡಿದು ಮತ್ತೊಮ್ಮೆ ತಾಳೆ ನೋಡಿ. ಈ ಹಂತದಲ್ಲಿ ಒಂದೆರಡು ಮಿ.ಮೀ. ತಪ್ಪಿದ್ದರೂ ತಿದ್ದಬಹುದು, ಹೋಲ್ ಸಾ ಇಳಿದ ಮೇಲೆ ಆಗದು.

ಬೋಲ್ಟಿನ ತೂತುಗಳನ್ನು ಒಂದೊಂದೇ ಅಳತೆ ಹೆಚ್ಚಿಸುತ್ತ ಹಿಗ್ಗಿಸಿ. ಬಳಿಕ ದೊಡ್ಡ ತೂತಿಗೆ ಹೋಲ್ ಸಾ ಕೂರಿಸಿ, ಡ್ರಿಲ್ಲಿನ ವೇಗ ತಗ್ಗಿಸಿ, ಹಲ್ಲುಗಳಿಗೆ ಎಣ್ಣೆ ಸವರಿ, ಒತ್ತಡ ಹಾಕದೆ ಕೊರೆಯಿರಿ. ತಗಡು ತೆಳುವಾಗಿರುವುದರಿಂದ ಕೊನೆಯ ಕ್ಷಣದಲ್ಲಿ ಗರಗಸ ಕಚ್ಚಿಕೊಂಡು ಡ್ರಿಲ್ ತಿರುವಿಕೊಳ್ಳುತ್ತದೆ. ಎರಡೂ ಕೈಯಲ್ಲಿ ಹಿಡಿದಿರದಿದ್ದರೆ ಮಣಿಕಟ್ಟಿಗೆ ಪೆಟ್ಟಾಗುತ್ತದೆ. ಸುಟ್ಟ ಬಣ್ಣದ ವಾಸನೆ ಬಂದರೆ ವೇಗ ಹೆಚ್ಚಾಯಿತೆಂದು ತಿಳಿದು ನಿಲ್ಲಿಸಿ, ಆರಲು ಬಿಡಿ.

ಚೂರುಗಳನ್ನು ಬಟ್ಟೆಯಿಂದ ಒರೆಸಬೇಡಿ, ಅವು ಬಣ್ಣವನ್ನು ಗೀರುತ್ತವೆ. ಮೆತ್ತನೆಯ ಬ್ರಷ್ ಮತ್ತು ವ್ಯಾಕ್ಯೂಮ್‌ನಿಂದ ತೆಗೆಯಿರಿ. ಫೆಂಡರ್‌ನ ಒಳ ಅಂಚಿನಲ್ಲಿ, ಬಾನೆಟ್ಟಿನ ಬೀಡಿಂಗ್‌ನ ಸಂದಿಯಲ್ಲಿ ಉಳಿದುಕೊಳ್ಳುವ ಚೂರುಗಳು ಒಂದೇ ಮಳೆಗೆ ತುಕ್ಕು ಹಿಡಿದು ಕಂದು ಚುಕ್ಕೆಗಳಾಗುತ್ತವೆ.

## ಹಂತ 5: ಕತ್ತರಿಸಿದ ಅಂಚಿನ ರಕ್ಷಣೆ

ಪ್ರತಿ ತೂತಿನ ಅಂಚನ್ನೂ ಒಳಗೂ ಹೊರಗೂ ಅರದಿಂದ ನಯಗೊಳಿಸಿ, ಥಿನ್ನರ್‌ನಿಂದ ಒರೆಸಿ, ಸತುವಿನ ಪ್ರೈಮರ್ ಎರಡು ಸಲ ಹಚ್ಚಿ, ಒಣಗಿದ ಮೇಲೆ ಟಚ್‌ಅಪ್ ಪೇಂಟ್ ಬಳಿಯಿರಿ. ವರ್ಷದ ನಾಲ್ಕೈದು ತಿಂಗಳು ತೇವ ಆರದ ಮಲೆನಾಡು, ಕೊಡಗಿನಲ್ಲಿ ಮತ್ತು ಉಪ್ಪುಗಾಳಿಯ ಕರಾವಳಿಯಲ್ಲಿ ಗಾಡಿ ಇಟ್ಟುಕೊಂಡವರು ಪ್ರೈಮರ್ ಒಣಗುವ ಮೊದಲೇ ಮುಂದಿನ ಕೆಲಸಕ್ಕೆ ಕೈ ಹಾಕಬಾರದು. ಸ್ನಾರ್ಕೆಲ್ ಕೂತ ಮೇಲೆ ಈ ಅಂಚು ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಬಣ್ಣದಡಿ ಗುಳ್ಳೆ ಏಳುವ ಹೊತ್ತಿಗೆ ತಗಡು ತಿಂದುಹೋಗಿರುತ್ತದೆ.

## ಹಂತ 6: ಮೈ ಮತ್ತು ಕಂಬದ ಬ್ರಾಕೆಟ್

ಸ್ಟಡ್‌ಗಳಿಗೆ ಥ್ರೆಡ್‌ಲಾಕರ್ ಹಚ್ಚಿ ಸ್ನಾರ್ಕೆಲ್‌ನ ಹಿತ್ತಾಳೆ ಮರೆಗಳಿಗೆ ತಿರುಗಿಸಿ. ಈ ಮರೆಗಳು ಪ್ಲಾಸ್ಟಿಕ್ಕಿನಲ್ಲಿ ಹೂತಿರುವ ಚಿಕ್ಕ ಬಿಲ್ಲೆಗಳಾದ್ದರಿಂದ ಹೆಚ್ಚು ಬಲ ಹಾಕಿದರೆ ಬುಡಸಮೇತ ತಿರುಗಿ ಕಿತ್ತು ಬರುತ್ತವೆ. ಹಾಗೆ ಕಿತ್ತ ಮರೆಗೆ ಗಟ್ಟಿಯಾದ ದುರಸ್ತಿ ಇಲ್ಲ. ಒಳಗಿನಿಂದ ನಟ್ಟು ಹಾಕುವಾಗಲೂ ಕೈಯಲ್ಲಿ ಬಿಗಿದು, ಸ್ಪ್ಯಾನರಿನಲ್ಲಿ ಸ್ವಲ್ಪ ಮಾತ್ರ ತಿರುಗಿಸಿ. ದೊಡ್ಡ ವಾಷರ್ ಮರೆಯಬೇಡಿ, ಇಲ್ಲದಿದ್ದರೆ ತೆಳು ತಗಡು ಕುಳಿ ಬೀಳುತ್ತದೆ.

ಮುಂಗಾಜಿನ ಪಕ್ಕದ ಕಂಬವನ್ನು ಕೊರೆಯುವಾಗ ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕು. ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಅದರ ಭಾಗವೂ ತಂತಿಗಳೂ ಈ ಕಂಬದೊಳಗೇ ಹಾದುಹೋಗುತ್ತವೆ. ಒಳಗಿನ ಹೊದಿಕೆ ತೆಗೆದು ನೋಡದೆ ಅಲ್ಲಿಗೆ ಬಿಟ್ಟು ಇಳಿಸಬಾರದು. ಬ್ಯಾಟರಿ ಕಳಚಿ ಸಾಕಷ್ಟು ಹೊತ್ತು ಕಾದ ಮೇಲೆಯೇ, ಬಿಟ್ಟಿನ ತುದಿಯಿಂದ 10 ಮಿ.ಮೀ. ದೂರಕ್ಕೆ ಟೇಪ್ ಸುತ್ತಿ, ಅದಕ್ಕಿಂತ ಆಳಕ್ಕೆ ಹೋಗದಂತೆ ಕೊರೆಯಿರಿ. ಕಿಟ್‌ನೊಂದಿಗೆ ಬಂದ ಗಿಡ್ಡ ಸ್ಕ್ರೂ ಕಳೆದುಹೋಯಿತೆಂದು ಉದ್ದನೆಯದನ್ನು ಬಳಸುವುದು ಅಪಾಯಕರ. ಏರ್‌ಬ್ಯಾಗ್ ಎಲ್ಲಿದೆ ಎಂಬುದು ಖಚಿತವಾಗದಿದ್ದರೆ ಇಷ್ಟು ಭಾಗವನ್ನು ಸರ್ವಿಸ್ ಸೆಂಟರಿನ ಪರಿಣತರಿಗೆ ಒಪ್ಪಿಸಿ.

ಮೊದಲು ಫೆಂಡರ್‌ನ ಎಲ್ಲ ನಟ್ಟುಗಳನ್ನೂ ಸಡಿಲವಾಗಿ ಹಾಕಿ, ಬಳಿಕ ಬ್ರಾಕೆಟ್ ಹಿಡಿಸಿ, ಕೊನೆಗೆ ಎಲ್ಲವನ್ನೂ ಸರದಿಯಲ್ಲಿ ಬಿಗಿಯಿರಿ. ಒಂದೇ ನಟ್ಟನ್ನು ಮೊದಲೇ ಪೂರ್ತಿ ಬಿಗಿದರೆ ಕೊಳವೆ ಒಂದು ಕಡೆಗೆ ವಾಲುತ್ತದೆ.

## ಹಂತ 7: ಒಳಗಿನ ಕೀಲುಗಳು

ಹೆಚ್ಚಿನವರು ಸೋಲುವುದು ಇಲ್ಲಿ. ಹೊರಗಿನ ಕೆಲಸ ಮುಗಿದಾಗ ಸಂಜೆಯಾಗಿರುತ್ತದೆ, ಗಾಡಿ ಈಗಾಗಲೇ ಚೆಂದ ಕಾಣುತ್ತಿರುತ್ತದೆ, ಉಳಿದ ರಬ್ಬರ್ ಹೋಸನ್ನು ಅವಸರದಲ್ಲಿ ತುರುಕಿ ಮುಗಿಸುತ್ತಾರೆ. ಹಾಗೆನಿಸಿದರೆ ಕೆಲಸವನ್ನು ಮರುದಿನಕ್ಕೆ ಬಿಡಿ.

ಬಹಳಷ್ಟು ಸ್ನಾರ್ಕೆಲ್‌ಗಳು ಪಾಲಿಎಥಿಲೀನ್ ಜಾತಿಯ ಪ್ಲಾಸ್ಟಿಕ್ಕಿನಿಂದ ಮಾಡಿದವು. ಈ ಪ್ಲಾಸ್ಟಿಕ್ಕಿಗೆ ಸಿಲಿಕೋನ್ ಗಟ್ಟಿಯಾಗಿ ಅಂಟುವುದಿಲ್ಲ. ಒಣಗಿದ ಮೇಲೆ ಉಗುರಿನಿಂದಲೇ ಸಿಪ್ಪೆಯಂತೆ ಏಳುತ್ತದೆ. ಆದ್ದರಿಂದ ಕೀಲನ್ನು ಹಿಡಿದಿಡಬೇಕಾದದ್ದು ಕ್ಲ್ಯಾಂಪಿನ ಒತ್ತಡ, ಸೀಲೆಂಟ್ ಸಣ್ಣ ಸಂದು ತುಂಬಲು ಮಾತ್ರ. ಹೋಸ್ ಎರಡೂ ಕಡೆ ಕನಿಷ್ಠ 25 ಮಿ.ಮೀ. ಒಳಸೇರಿರಬೇಕು, ಕ್ಲ್ಯಾಂಪ್ ಅಂಚಿನಲ್ಲಿ ನಿಲ್ಲದೆ ಆ ಭಾಗದ ನಡುವೆ ಕೂರಬೇಕು. ಪ್ಲಾಸ್ಟಿಕ್ ಕೊಳವೆಯ ಬಾಯಿ ಕ್ಲ್ಯಾಂಪಿನ ಬಿಗಿತಕ್ಕೆ ಒಳಕ್ಕೆ ಬಾಗುತ್ತಿದ್ದರೆ, ಬಾಯೊಳಗೆ ಅಳತೆಗೆ ಕತ್ತರಿಸಿದ ಸ್ಟೀಲ್ ಉಂಗುರ ಗಟ್ಟಿಯಾಗಿ ಕೂರಿಸಬೇಕು. ಅಂಥ ಉಂಗುರ ಸಡಿಲವಾಗಿ ಎಂಜಿನ್‌ನತ್ತ ಸರಿಯುವಂತಿರಬಾರದು.

ಈಗ ಮೊದಲ ಹಂತದ ಚೀಟಿ ತೆಗೆಯಿರಿ. ತಳದ ಬಸಿತೂತಿಗೆ ನೀರನ್ನು ಹೊರಗೆ ಮಾತ್ರ ಬಿಡುವ ರಬ್ಬರ್ ವಾಲ್ವ್ ಇದ್ದರೆ, ಅದರ ತುಟಿಗಳು ಪೂರ್ತಿ ಮುಚ್ಚಿಕೊಳ್ಳುತ್ತವೆಯೇ ನೋಡಿ. ಹಳೆಯ ರಬ್ಬರ್ ಬಿರಿದಿದ್ದರೆ ಹೊಸದು ಹಾಕಿ. ಬರಿ ತೂತಾಗಿದ್ದರೆ ಬಿಚ್ಚಬಹುದಾದ ರಬ್ಬರ್ ಬಿರಡೆಯಿಂದ ಮುಚ್ಚಿ, ಸರ್ವಿಸ್ ಸಮಯದಲ್ಲಿ ತೆಗೆದು ನೀರಿದೆಯೇ ಎಂದು ಪರೀಕ್ಷಿಸಿ. ಪಕ್ಕದ ರಂಧ್ರಗಳನ್ನು ಒಳಗಿನಿಂದ ಮುಚ್ಚಿ. ಡಬ್ಬಿಯ ಮುಚ್ಚಳಕ್ಕೆ ಮಾತ್ರ ಸಿಲಿಕೋನ್ ಹಚ್ಚಬೇಡಿ, ಮುಂದೆ ಫಿಲ್ಟರ್ ಬದಲಿಸಲು ಕಷ್ಟವಾಗುತ್ತದೆ. ಸವೆದ ರಬ್ಬರ್ ಪಟ್ಟಿಯನ್ನು ಬದಲಿಸುವುದೇ ಸರಿಯಾದ ದಾರಿ.

ಸೀಲೆಂಟ್ ಹಚ್ಚಿದ ಮೇಲೆ 24 ಗಂಟೆ ಎಂಜಿನ್ ಚಾಲೂ ಮಾಡಬಾರದು. ಹಸಿ ಸಿಲಿಕೋನಿನ ಆವಿ ಏರ್ ಫ್ಲೋ ಸೆನ್ಸರಿನ ಸೂಕ್ಷ್ಮ ತಂತಿಯ ಮೇಲೆ ಪದರ ಕಟ್ಟಿದರೆ ಗಾಳಿಯ ಅಳತೆ ತಪ್ಪುತ್ತದೆ.

## ಹಂತ 8: ಸೋರಿಕೆ ಪರೀಕ್ಷೆ

ಮೂರನೇ ಹಂತದಲ್ಲಿ ತುರುಕಿದ ಬಟ್ಟೆ ತೆಗೆದು, ಬ್ಯಾಟರಿಯ ತಂತಿ ಮತ್ತೆ ಜೋಡಿಸಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಚಾಲಕರ ಸೀಟಿನಲ್ಲಿ ಕೂರಲಿ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಸ್ನಾರ್ಕೆಲ್‌ನ ತಲೆ ತೆಗೆದು, ಕೊಳವೆಯ ಬಾಯಿಗೆ ಗಟ್ಟಿ ರಬ್ಬರ್ ಹಾಳೆಯನ್ನು ಒತ್ತಿ ಹಿಡಿಯಿರಿ. ಕೀಲುಗಳು ಸರಿಯಿದ್ದರೆ ಹಾಳೆ ಬಲವಾಗಿ ಹೀರಿಕೊಂಡು, ಕೆಲವೇ ಸೆಕೆಂಡುಗಳಲ್ಲಿ ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ನಿಲ್ಲದೆ ಓಡುತ್ತಲೇ ಇದ್ದರೆ ಬೇರೆಲ್ಲಿಂದಲೋ ಗಾಳಿ ಬರುತ್ತಿದೆ ಎಂದೇ ಅರ್ಥ. ಈ ಪರೀಕ್ಷೆಯಲ್ಲಿ ಆಕ್ಸಿಲರೇಟರ್ ಒತ್ತಬಾರದು. ಎಳೆತ ಹೆಚ್ಚಾದರೆ ಹೋಸ್ ಚಪ್ಪಟೆಯಾಗುತ್ತದೆ.

ಸೋರುವ ಜಾಗ ಪತ್ತೆಮಾಡಲು ಊದುಬತ್ತಿ ಸಾಕು. ಕೊಳವೆಯ ಬಾಯಿಯನ್ನು ಅರ್ಧ ಮುಚ್ಚಿ, ಫ್ಯಾನು ಬೆಲ್ಟುಗಳಿಂದ ಕೈಯನ್ನೂ ಬಟ್ಟೆಯನ್ನೂ ದೂರವಿಟ್ಟು, ಪ್ರತಿ ಕೀಲಿನ ಬಳಿ ಹೊಗೆ ಹಿಡಿಯಿರಿ. ಹೊಗೆ ಎಲ್ಲಿ ಒಳಕ್ಕೆ ಎಳೆದುಕೊಳ್ಳುತ್ತದೆಯೋ ಅಲ್ಲಿ ಸಂದಿದೆ. ಇಂಧನದ ವಾಸನೆ ಸ್ವಲ್ಪವಿದ್ದರೂ ಕಿಡಿ ಹತ್ತಿರ ತರಬೇಡಿ. ಎಂಜಿನ್ ನಿಲ್ಲುವವರೆಗೆ ಏಳನೇ ಹಂತವನ್ನೂ ಎಂಟನೇ ಹಂತವನ್ನೂ ಮತ್ತೆ ಮತ್ತೆ ಮಾಡಬೇಕು. ಈ ಪರೀಕ್ಷೆಯಲ್ಲಿ ಗೆಲ್ಲದ ಗಾಡಿಯನ್ನು ನೀರಿಗಿಳಿಸುವುದು ಬೇಡ.

## ಹಂತ 9: ತಲೆಯ ದಿಕ್ಕು

ತಲೆಯ ಬಾಯಿ ಸಾಮಾನ್ಯವಾಗಿ ಮುಂದಕ್ಕಿರುತ್ತದೆ. ಒಳಗೆ ಬರುವ ಮಳೆನೀರು ತಲೆಯ ಗೋಡೆಗೆ ಬಡಿದು, ಹಿಂದಿನ ಅಥವಾ ತಳದ ಸೀಳುಗಳಿಂದ ಹೊರಹೋಗುತ್ತದೆ. ಸೋರಿಕೆಯೆಂದು ತಿಳಿದು ಈ ಸೀಳುಗಳಿಗೆ ಸಿಲಿಕೋನ್ ತುಂಬುವವರಿದ್ದಾರೆ. ಹಾಗೆ ಮಾಡಿದರೆ ಮಳೆಯ ನೀರೆಲ್ಲ ನೇರವಾಗಿ ಫಿಲ್ಟರ್‌ಗೆ ಇಳಿಯುತ್ತದೆ. ಸಾಲಾಗಿ ಹೋಗುವಾಗ ಮುಂದಿನ ಗಾಡಿಯ ದೂಳು ಮುತ್ತಿಕೊಂಡರೆ ತಲೆಯನ್ನು ಹಿಂದಕ್ಕೆ ತಿರುಗಿಸಬಹುದು.

## ಬ್ರೀದರ್ ಕೊಳವೆಗಳು

ಬಿಸಿಯಾದ ಆಕ್ಸಲ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಒಳಗಿನ ಗಾಳಿ ಆಡಲು ಬಿಟ್ಟ ಸಣ್ಣ ಬಾಯಿ) ಮೂಲಕ ಅಥವಾ ಆಯಿಲ್ ಸೀಲ್ ಮೂಲಕ ನೀರನ್ನು ಎಳೆಯುತ್ತದೆ. ಎರಡೂ ಡಿಫರೆನ್ಶಿಯಲ್ (ಆಕ್ಸಲ್ ನಡುವಿನ ಗೇರಿನ ಗೂಡು), ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚುವ ಪೆಟ್ಟಿಗೆಯ) ಬ್ರೀದರ್‌ಗಳಿಗೆ ಉದ್ದ ಹೋಸ್ ಜೋಡಿಸಿ ಬಾನೆಟ್ಟಿನೊಳಗಿನ ಎತ್ತರದ ಜಾಗಕ್ಕೆ ತಂದು ಕಟ್ಟಿ. ಆಕ್ಸಲ್ ಮೇಲೆ ಕೆಳಗೆ ಆಡುವುದಕ್ಕೆ ಬೇಕಾದಷ್ಟು ಸಡಿಲ ಬಿಡಿ. ಡಿಫರೆನ್ಶಿಯಲ್ ಎಣ್ಣೆ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಆ ಎಣ್ಣೆಯಲ್ಲಿ ಮುಂದೆ ಓಡಿಸಬಾರದು.

## ಅಳವಡಿಸಿದ ಮೇಲೆ ಗಮನಿಸಬೇಕಾದ ಲಕ್ಷಣಗಳು

ಸುಮಾರು 500 ಕಿ.ಮೀ. ಓಡಿದ ಮೇಲೆ ಎಲ್ಲ ಕ್ಲ್ಯಾಂಪುಗಳನ್ನೂ ಮತ್ತೆ ಬಿಗಿಯಿರಿ. ಹೊಸ ರಬ್ಬರ್ ಒತ್ತಡಕ್ಕೆ ಸ್ವಲ್ಪ ತಗ್ಗಿರುತ್ತದೆ. ತಲೆಯ ಬಳಿ ಗಾಳಿ ಎಳೆಯುವ ಸದ್ದು ಸಹಜ. ಬಾನೆಟ್ಟಿನೊಳಗಿಂದ ಸಿಳ್ಳೆಯಂಥ ಸದ್ದು ಬಂದರೆ ಕೀಲು ಬಿಟ್ಟಿದೆ. ಫಿಲ್ಟರ್‌ನಿಂದ ಎಂಜಿನ್ ಕಡೆಗಿರುವ ಕೊಳವೆಯೊಳಗೆ ಬಿಳಿ ಬಟ್ಟೆ ಆಡಿಸಿ ನೋಡಿ; ಬಟ್ಟೆಗೆ ಮಣ್ಣು ಹತ್ತಿದರೆ ಎಂಜಿನ್ ಸೋಸದ ಗಾಳಿ ಕುಡಿಯುತ್ತಿದೆ. ಗಾಡಿಯ ಎಳೆತ ಕಡಿಮೆಯಾಗಿ ಕಪ್ಪು ಹೊಗೆ ಹೆಚ್ಚಿದರೆ ಮೂರನೇ ಹಂತದಲ್ಲಿ ತುರುಕಿದ ಬಟ್ಟೆ ಒಳಗೇ ಉಳಿದಿರಬಹುದು, ಕೂಡಲೇ ತೆರೆದು ನೋಡಿ.

## ನೀರಿಗಿಳಿಯುವಾಗ

ಮೊದಲು ಕೋಲು ಹಿಡಿದು ಆಳ ಅಳೆಯಿರಿ. ನಿಂತ ನೀರಿನಲ್ಲಿ ಲೋ ರೇಂಜಿನ (ವೇಗ ಕಡಿಮೆ, ಬಲ ಹೆಚ್ಚು ಕೊಡುವ ವಿಭಾಗದ) ತಗ್ಗಿನ ಗೇರಿನಲ್ಲಿ, ನಡೆಯುವ ವೇಗದಲ್ಲಿ, ಮುಂದೆ ಏಳುವ ಅಲೆಯ ಹಿಂದೆಯೇ ಸಾಗಬೇಕು. ಹರಿಯುವ ನೀರಿನ ವಿಷಯವೇ ಬೇರೆ: ಸುಮಾರು 60 ಸೆಂ.ಮೀ. ಆಳದ ಸೆಳೆತ ದೊಡ್ಡ ಗಾಡಿಯನ್ನೂ ಕೊಚ್ಚಿಕೊಂಡು ಹೋಗಬಲ್ಲದು, ಅಲ್ಲಿ ಸ್ನಾರ್ಕೆಲ್ ಇದ್ದೂ ಪ್ರಯೋಜನವಿಲ್ಲ. ತುಂಬಿದ ಹಳ್ಳ, ಮುಳುಗಿದ ಸೇತುವೆ, ನೀರು ನಿಂತ ಅಂಡರ್‌ಪಾಸ್ ಕಂಡರೆ ಹಿಂದಿರುಗಿ.

ನೀರಿನ ನಡುವೆ ಎಂಜಿನ್ ತಾನಾಗಿಯೇ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ತಳ್ಳಿ ಚಾಲೂ ಮಾಡುವುದಂತೂ ಬೇಡವೇ ಬೇಡ. ನೀರು ಏರುತ್ತಿದ್ದರೆ ಗಾಡಿಯನ್ನು ಬಿಟ್ಟು ಜನ ಮೊದಲು ದಡ ಸೇರಬೇಕು. ಬಳಿಕ ಗಾಡಿಯನ್ನು ಎಳೆದು ತಂದು, ಬ್ಯಾಟರಿ ಕಳಚಿ, ಫಿಲ್ಟರ್ ತೆಗೆದು ನೋಡಿ. ಫಿಲ್ಟರ್ ಒದ್ದೆಯಿದ್ದರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್‌ಗಳನ್ನು ಮೆಕ್ಯಾನಿಕ್‌ನಿಂದ ಬಿಚ್ಚಿಸಿ, ಸಿಲಿಂಡರಿನಲ್ಲಿ ನೀರಿಲ್ಲವೆಂದು ಖಚಿತವಾಗುವವರೆಗೆ ಕೀಲಿಕೈ ತಿರುಗಿಸಬೇಡಿ.